ವೋಲ್ಟೇಜ್ ಇಳಿದಾಗ ಮೋಟರ್ ಯಾಕೆ ಸುಡುತ್ತದೆ?

ಓದುಗರ ವಿಜ್ಞಾನ ಪ್ರಶ್ನೆಗಳಿಗೆ ರಾಯಚೂರಿನ ಹೈಸ್ಕೂಲ್ ಶಿಕ್ಷಕಿಯ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಕರೆಂಟು ಮತ್ತು ಅಯಸ್ಕಾಂತದ ಪ್ರಶ್ನೆಗಳೇ ಜಾಸ್ತಿ. ಹತ್ತನೇ ತರಗತಿಯಲ್ಲಿ ಆ ಎರಡೂ ಪಾಠ ಇವೆ, ಅದಕ್ಕಿರಬೇಕು. ಆದರೆ ಪತ್ರ ಬರೆದವರು ಪಾಠದ ಕೊನೆಯಲ್ಲಿರುವ ಪ್ರಶ್ನೆಗಳನ್ನು ಕೇಳಿಲ್ಲ. ಹೊಲದಲ್ಲಿ, ಹಳ್ಳದಲ್ಲಿ, ಅಡುಗೆಮನೆಯಲ್ಲಿ ಕಂಡದ್ದನ್ನು ಕೇಳಿದ್ದಾರೆ. ಇಂಥ ಪ್ರಶ್ನೆ ಬಂದರೆ ನನಗೆ ಬಹಳ ಖುಷಿ. ಮೊದಲನೆಯದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಅದನ್ನು ಕೇಳಿದ ಹುಡುಗಿ ಅಷ್ಟು ಚೆನ್ನಾಗಿ ಯೋಚನೆ ಮಾಡಿದ್ದಾಳೆ.

ಪ್ರಶ್ನೆ: ಟೀಚರ್, ನಮ್ಮ ದಾಳಿಂಬೆ ತೋಟದಲ್ಲಿ 5 ಎಚ್‌ಪಿ ಬೋರ್ ಮೋಟರ್ ಇದೆ. ಬೇಸಿಗೆಯಲ್ಲಿ ವೋಲ್ಟೇಜ್ ಕಡಿಮೆ ಬಂದು ಮೋಟರ್ ಸುಟ್ಟಿತು. ವೈಂಡಿಂಗ್ ಕಟ್ಟುವವರು ‘ಲೋ ವೋಲ್ಟೇಜಿಗೆ ಕಾಯಿಲ್ ಹೋಗಿದೆ’ ಅಂದರು. ನಮ್ಮ ಪುಸ್ತಕದಲ್ಲಿ ಓಮ್‌ನ ನಿಯಮ ಇದೆ. ವೋಲ್ಟೇಜ್ ಕಡಿಮೆಯಾದರೆ ಕರೆಂಟೂ ಕಡಿಮೆ ಆಗಬೇಕು, ಬಿಸಿಯೂ ಕಡಿಮೆ ಆಗಬೇಕು. ಹಾಗಾದರೆ ಮೋಟರ್ ಹೇಗೆ ಸುಟ್ಟಿತು? ಪುಸ್ತಕ ತಪ್ಪಾ, ಅವರು ಹೇಳಿದ್ದು ತಪ್ಪಾ?
— 10ನೇ ತರಗತಿ ವಿದ್ಯಾರ್ಥಿನಿ, ಕುಷ್ಟಗಿ ತಾಲ್ಲೂಕು

ಉತ್ತರ: ಇಬ್ಬರೂ ಸರಿ, ಮಗಳೇ. ನೀನು ಹಾಕಿದ ಲೆಕ್ಕವೂ ಸರಿ. ಆದರೆ ಆ ಲೆಕ್ಕ ಸುಮ್ನೆ ಕೂತ ತಂತಿಗೆ. ಮೋಟರಿನ ಕಾಯಿಲ್ ಕೂಡ ತಾಮ್ರದ ತಂತಿಯೇ, ಆದರೆ ಮೋಟರ್ ತಿರುಗುತ್ತದೆ. ಎಲ್ಲಾ ವ್ಯತ್ಯಾಸ ಅಲ್ಲೇ ಇದೆ.

1831ರಲ್ಲಿ ಮೈಕೆಲ್ ಫ್ಯಾರಡೆ ಒಂದು ವಿಷಯ ಕಂಡುಕೊಂಡರು. ಕಾಯಿಲ್ ಹತ್ತಿರ ಅಯಸ್ಕಾಂತ ಅಲುಗಾಡಿದರೆ ಕಾಯಿಲ್‌ನಲ್ಲಿ ವೋಲ್ಟೇಜ್ ಹುಟ್ಟುತ್ತದೆ. ಅಯಸ್ಕಾಂತದ ಹತ್ತಿರ ಕಾಯಿಲ್ ಅಲುಗಾಡಿದರೂ ಅಷ್ಟೇ. ಈಗ ಮೋಟರ್ ಒಳಗೆ ಏನಿದೆ ನೋಡು. ಕಾಯಿಲ್ ಇದೆ, ಕಾಂತಕ್ಷೇತ್ರ ಇದೆ, ತಿರುಗಾಟ ಇದೆ. ಅಂದರೆ ಮೋಟರ್ ತಿರುಗುವಾಗ ಅದು ಒಂದು ಡೈನಮೋ ಕೂಡ ಆಗಿರುತ್ತದೆ. ಅದು ಹುಟ್ಟಿಸುವ ವೋಲ್ಟೇಜ್ ಯಾವ ದಿಕ್ಕಿಗೆ? ಹೊರಗಿನಿಂದ ಬರುವ ಕರೆಂಟಿಗೆ ಎದುರಾಗಿ. 1834ರಲ್ಲಿ ಲೆನ್ಜ್ ಹೇಳಿದ ನಿಯಮ ಇದೇ. ಈ ಎದುರು ವೋಲ್ಟೇಜ್ ಮುಂದೆ ಪಿಯುಸಿಯಲ್ಲಿ ‘ಬ್ಯಾಕ್ ಇಎಂಎಫ್’ ಅಂತ ನಿನಗೆ ಮತ್ತೆ ಸಿಗುತ್ತದೆ.

ಸಣ್ಣ ಸಂಖ್ಯೆ ಇಟ್ಟುಕೊಂಡು ಲೆಕ್ಕ ಮಾಡೋಣ. ಒಂದು ಬ್ಯಾಟರಿ ಮೋಟರ್ ಇದೆ. ಕೊಡುವ ವೋಲ್ಟೇಜ್ 12. ಕಾಯಿಲ್‌ನ ರೋಧ 1 ಓಮ್. ಚೆನ್ನಾಗಿ ತಿರುಗುವಾಗ ಎದುರು ವೋಲ್ಟೇಜ್ 10 ಅಂತಿರಲಿ. ಉಳಿದದ್ದು 2 ವೋಲ್ಟ್. ಕರೆಂಟು 2 ಆಂಪಿಯರ್. ಕಾಯಿಲ್ ಬಿಸಿಯಾಗುವುದು ಕರೆಂಟಿನ ವರ್ಗದ ಲೆಕ್ಕದಲ್ಲಿ, ಅಂದರೆ 4 ವ್ಯಾಟ್. ಈಗ ವೋಲ್ಟೇಜ್ 9ಕ್ಕೆ ಇಳಿಯಿತು. ಹೊರೆ ಎಳೆಯಲಾಗದೆ ಮೋಟರ್ ನಿಂತೇಬಿಟ್ಟಿತು. ತಿರುಗಾಟ ಇಲ್ಲ, ಎದುರು ವೋಲ್ಟೇಜೂ ಇಲ್ಲ. 9 ವೋಲ್ಟ್ ಪೂರ್ತಿ 1 ಓಮ್ ಕಾಯಿಲ್ ಮೇಲೆ ಬಿತ್ತು. ಕರೆಂಟು 9 ಆಂಪಿಯರ್. ಬಿಸಿ 81 ವ್ಯಾಟ್! ವೋಲ್ಟೇಜ್ ಇಳಿಯಿತು, ಕರೆಂಟು ಏರಿತು. ನೋಡು, ಓಮ್‌ನ ನಿಯಮ ಎಲ್ಲೂ ಮುರಿದಿಲ್ಲ. ಕಾಯಿಲ್‌ಗೆ ನಿಜವಾಗಿ ಉಳಿದ ವೋಲ್ಟೇಜ್ ಎಷ್ಟು ಅಂತ ಮೊದಲು ನೋಡಿಕೊಂಡೆವು, ಅಷ್ಟೇ.

ನಿಮ್ಮ ಬೋರ್ ಮೋಟರ್ ತ್ರೀಫೇಸ್ ಎಸಿ ಮೋಟರ್. ಅದರ ಲೆಕ್ಕ ಇಷ್ಟು ಸರಳ ಅಲ್ಲ, ಆದರೆ ಒಳಗಿನ ಸಂಗತಿ ಇದೇ. ಅಂಥ ಮೋಟರಿನ ತಿರುಗಿಸುವ ಬಲ ವೋಲ್ಟೇಜಿನ ವರ್ಗದ ಜೊತೆ ಇಳಿಯುತ್ತದೆ. 400 ವೋಲ್ಟ್ ಬರಬೇಕಾದಲ್ಲಿ 300 ಬಂದರೆ ವೋಲ್ಟೇಜ್ ಮುಕ್ಕಾಲು ಭಾಗ ಉಳಿಯಿತು. ಬಲ ಉಳಿಯುವುದು 16ರಲ್ಲಿ 9 ಭಾಗ, ಅಂದರೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಆದರೆ ಬೋರಿನ ನೀರು ಮೊದಲಿನಷ್ಟೇ ಆಳದಲ್ಲಿದೆ. ಅದನ್ನು ಎತ್ತಲೇಬೇಕು. ಮೋಟರ್ ನಿಧಾನವಾಗುತ್ತದೆ, ಜಾಸ್ತಿ ಕರೆಂಟ್ ಎಳೆಯುತ್ತದೆ, ಕಾಯಿಲ್ ಮೇಲಿನ ಇನ್ಸುಲೇಶನ್ ಕರಗುತ್ತದೆ. ಇನ್ನೊಂದು ಕಷ್ಟ ಇದೆ. ಬೋರ್ ಒಳಗಿನ ಮೋಟರನ್ನು ತಣ್ಣಗಿಡುವುದು ಅದರ ಪಕ್ಕದಲ್ಲಿ ಹರಿಯುವ ನೀರೇ. ನೀರು ಏರದಿದ್ದರೆ ಬಿಸಿ ಹೋಗಲು ದಾರಿಯೂ ಇಲ್ಲ.

ಇದನ್ನು ಕಣ್ಣಾರೆ ನೋಡಬಹುದು. ಕೆಟ್ಟ ಆಟಿಕೆ ಕಾರಿನ ಸಣ್ಣ ಮೋಟರ್ ಬಿಚ್ಚಿಕೋ. ಎರಡು ಸೆಲ್ಲು ಬೇಕು. ಹಳೇ ಟಾರ್ಚಿನ ಬಲ್ಬು ಬೇಕು. ಎಲ್‌ಇಡಿ ಬೇಡ, ಒಳಗೆ ತಂತಿ ಕಾಣುವ ಬಲ್ಬೇ ಆಗಬೇಕು. ಮೂರನ್ನೂ ಒಂದರ ಹಿಂದೆ ಒಂದು ಜೋಡಿಸು. ಮೋಟರ್ ತಿರುಗುವಾಗ ಬಲ್ಬು ಮಂಕಾಗಿರುತ್ತದೆ. ಈಗ ಮೋಟರಿನ ಕಡ್ಡಿಯನ್ನು ಬೆರಳಲ್ಲಿ ಒತ್ತಿ ನಿಲ್ಲಿಸು. ಬಲ್ಬು ಜೋರಾಗಿ ಉರಿಯುತ್ತದೆ. ನಮ್ಮ ತರಗತಿಯಲ್ಲಿ ಈ ಪ್ರಯೋಗ ಮಾಡಿದಾಗ ಹೊಲ ಇರುವ ಮನೆಯ ಮಕ್ಕಳು ಯಾರೂ ಹೇಳದೆಯೇ ತಮ್ಮ ಪಂಪ್‌ಸೆಟ್ ಕತೆ ಶುರು ಮಾಡುತ್ತಾರೆ. ಬೆರಳು ಬಹಳ ಹೊತ್ತು ಒತ್ತಿ ಹಿಡಿಯಬೇಡ, ಆಟಿಕೆ ಮೋಟರೂ ಬಿಸಿಯಾಗುತ್ತದೆ.

ಇನ್ನು ವೋಲ್ಟೇಜ್ ಇಳಿಯುವುದಾದರೂ ಯಾಕೆ? ಇಲ್ಲಿ ನಿನ್ನ ಓಮ್‌ನ ನಿಯಮ ನೇರವಾಗಿ ಕೆಲಸಕ್ಕೆ ಬರುತ್ತದೆ. ಟಿಸಿಯಿಂದ, ಅಂದರೆ ಕಂಬದ ಟ್ರಾನ್ಸ್‌ಫಾರ್ಮರ್‌ನಿಂದ, ನಿಮ್ಮ ತೋಟದವರೆಗಿನ ತಂತಿಗೂ ರೋಧ ಇದೆ. ಲೆಕ್ಕಕ್ಕೆ 1 ಓಮ್ ಅನ್ನೋಣ. 8 ಆಂಪಿಯರ್ ಹರಿದರೆ ದಾರಿಯಲ್ಲೇ 8 ವೋಲ್ಟ್ ಕಳೆಯುತ್ತದೆ. ಮೋಟರ್ ಶುರುವಾಗುವ ಗಳಿಗೆಯಲ್ಲಿ ಐದಾರು ಪಟ್ಟು ಕರೆಂಟು ಬೇಕು, ಆಗ 40 ವೋಲ್ಟ್‌ಗಿಂತ ಜಾಸ್ತಿ ದಾರಿಯಲ್ಲೇ ಹೋಗುತ್ತದೆ. ಈಗ ಇದನ್ನು ಯೋಚಿಸು. ಒಂದೇ ಟಿಸಿಗೆ ಸೇರಿದ ಹತ್ತಾರು ಹೊಲಗಳಲ್ಲಿ ಆಟೋ ಸ್ಟಾರ್ಟರ್ ಇವೆ. ತ್ರೀಫೇಸ್ ಬಂದ ತಕ್ಷಣ ಎಲ್ಲಾ ಮೋಟರ್ ಒಟ್ಟಿಗೇ ಎದ್ದರೆ ವೋಲ್ಟೇಜ್ ಕುಸಿಯದೆ ಇನ್ನೇನಾಗುತ್ತದೆ? ಪಕ್ಕದ ಹೊಲದವರ ಜೊತೆ ಮಾತಾಡಿ ಕೆಲವು ನಿಮಿಷ ಹಿಂದೆ ಮುಂದೆ ಶುರು ಮಾಡಿಕೊಂಡರೆ ಎಲ್ಲರ ಮೋಟರೂ ಉಳಿಯುತ್ತದೆ.

ಅಪ್ಪನಿಗೆ ಎರಡು ಮಾತು ಹೇಳು. ಸ್ಟಾರ್ಟರ್ ಬೋರ್ಡಿನಲ್ಲಿ ವೋಲ್ಟ್ ಮೀಟರ್ ಇರಲಿ, ಮುಳ್ಳು ನೋಡಿ ಆಮೇಲೆ ಗುಂಡಿ ಒತ್ತಲಿ. ಸ್ಟಾರ್ಟರ್ ಮತ್ತೆ ಮತ್ತೆ ಟ್ರಿಪ್ ಆಗುತ್ತದೆ ಅಂತ ರಿಲೇಯನ್ನು ಕಟ್ಟಿಹಾಕುವುದು ಬೇಡ. ಟ್ರಿಪ್ ಆಗುವುದು ಕಾಟ ಅಲ್ಲ, ಕಾಯಿಲ್ ಕಾಯುವ ಕೆಲಸ. ಮೂರು ಫೇಸಿನಲ್ಲಿ ಒಂದು ಹೋದಾಗ ಮೋಟರ್ ಗುಂಯ್ ಅನ್ನುತ್ತಾ ಸುಡುವುದನ್ನೂ ತಡೆಯಬಹುದು. ಅದಕ್ಕೆ ಸಿಂಗಲ್ ಫೇಸಿಂಗ್ ಪ್ರಿವೆಂಟರ್ ಸಿಗುತ್ತದೆ.

ಪ್ರಶ್ನೆ: ನಮ್ಮೂರ ಸುತ್ತ ಕಬ್ಬಿಣದ ಅದಿರಿನ ಗುಡ್ಡಗಳಿವೆ. ಹಳೇ ಸ್ಪೀಕರಿನ ಅಯಸ್ಕಾಂತವನ್ನು ಅದಿರಿನ ಕಲ್ಲಿಗೆ ಹಿಡಿದೆ, ಅಂಟಲಿಲ್ಲ. ಅದನ್ನೇ ಹಳ್ಳದ ಮರಳಲ್ಲಿ ಎಳೆದರೆ ಕಪ್ಪು ಪುಡಿ ಮೆತ್ತಿಕೊಳ್ಳುತ್ತದೆ. ಅದಿರಿನಲ್ಲಿ ಕಬ್ಬಿಣ ಇಲ್ವಾ ಟೀಚರ್?
— 8ನೇ ತರಗತಿ ವಿದ್ಯಾರ್ಥಿ, ಸಂಡೂರು

ಉತ್ತರ: ಇದೆ ತಮ್ಮಾ, ಬೇಕಾದಷ್ಟಿದೆ. ಸಂಡೂರಿನ ಗುಡ್ಡಗಳ ಅದಿರು ಬಹುಪಾಲು ಹೆಮಟೈಟ್. ಶುದ್ಧ ಹೆಮಟೈಟ್‌ನ ತೂಕದಲ್ಲಿ ಸುಮಾರು 70 ಭಾಗ ಕಬ್ಬಿಣವೇ. ನಿನ್ನ ಅಯಸ್ಕಾಂತಕ್ಕೆ ಮೆತ್ತಿದ ಕಪ್ಪು ಪುಡಿ ಹೆಚ್ಚಾಗಿ ಮ್ಯಾಗ್ನೆಟೈಟ್. ಅದರಲ್ಲಿ ಸುಮಾರು 72 ಭಾಗ. ವ್ಯತ್ಯಾಸ ಎರಡೇ ಎರಡು. ಹಾಗಾದರೆ ಒಂದು ಅಂಟಿ ಇನ್ನೊಂದು ಅಂಟದಿರುವುದಕ್ಕೆ ಕಬ್ಬಿಣ ಎಷ್ಟಿದೆ ಅನ್ನುವುದು ಕಾರಣ ಅಲ್ಲ, ಅಲ್ವಾ?

ಕಬ್ಬಿಣದ ಒಂದೊಂದು ಪರಮಾಣುವೂ ಒಂದು ಪುಟಾಣಿ ಅಯಸ್ಕಾಂತ. ಅವು ಯಾವ ಕಡೆ ಮುಖ ಮಾಡಿವೆ ಅನ್ನುವುದೇ ಮುಖ್ಯ. ಶುದ್ಧ ಕಬ್ಬಿಣದಲ್ಲಿ ಅಕ್ಕಪಕ್ಕದವು ಒಂದೇ ಕಡೆ ಮುಖ ಮಾಡುತ್ತವೆ, ಬಲ ಕೂಡುತ್ತದೆ. ಉಳಿದ ಎರಡಕ್ಕೆ ಹಗ್ಗಜಗ್ಗಾಟ ನೆನೆಸಿಕೋ. ಹೆಮಟೈಟ್‌ನಲ್ಲಿ ಹಗ್ಗದ ಎರಡೂ ಕಡೆ ಸಮಸಮ ಜನ. ಎಲ್ಲರೂ ಜೋರಾಗಿ ಎಳೆಯುತ್ತಿದ್ದಾರೆ, ಹಗ್ಗ ಮಾತ್ರ ಅಲುಗುವುದಿಲ್ಲ. ಮ್ಯಾಗ್ನೆಟೈಟ್‌ನಲ್ಲಿಯೂ ಎರಡು ಕಡೆ ಇವೆ, ಆದರೆ ಒಂದು ಕಡೆ ಬಲ ಜಾಸ್ತಿ. ಹಾಗಾಗಿ ಹೊರಗೆ ಎಳೆತ ಕಾಣುತ್ತದೆ. ಹೆಮಟೈಟ್‌ನಲ್ಲಿಯೂ ಸ್ವಲ್ಪವೇ ಸ್ವಲ್ಪ ಉಳಿಕೆ ಇರುತ್ತದೆ, ಆದರೆ ಸ್ಪೀಕರಿನ ಅಯಸ್ಕಾಂತಕ್ಕೆ ಕಲ್ಲು ಎತ್ತುವಷ್ಟು ಅದು ಸಾಲದು.

ಯಾವುದು ಯಾವ ಕಲ್ಲು ಅಂತ ಅಯಸ್ಕಾಂತ ಇಲ್ಲದೆಯೂ ಹೇಳಬಹುದು. ಮನೆಯಲ್ಲಿ ಒಡೆದ ಟೈಲ್ಸ್ ಇದ್ದರೆ ಅದರ ಹಿಂಬದಿಯ ಒರಟು ಭಾಗದ ಮೇಲೆ ಕಲ್ಲನ್ನು ಉಜ್ಜು. ಹೆಮಟೈಟ್ ಹೊರಗೆ ಕಪ್ಪಾಗಿ ಹೊಳೆಯುತ್ತಿದ್ದರೂ ಅದರ ಗೆರೆ ಕೆಂಪು. ಸಂಡೂರಿನ ರಸ್ತೆ ಧೂಳಿನ ಬಣ್ಣ ಅದೇ. ಮ್ಯಾಗ್ನೆಟೈಟ್‌ನ ಗೆರೆ ಕಪ್ಪು. ನಿಮ್ಮ ಗುಡ್ಡದ ಕೆಲವು ಕಲ್ಲು ಸ್ವಲ್ಪ ಎಳೆದರೆ ಗಾಬರಿ ಬೇಡ, ಅದರೊಳಗೆ ಮ್ಯಾಗ್ನೆಟೈಟ್ ಬೆರೆತಿರುತ್ತದೆ.

ಮನೆಯ ಸ್ಟೀಲ್ ತಟ್ಟೆ, ಲೋಟಗಳಿಗೂ ಹಿಡಿದು ನೋಡು. ಕೆಲವಕ್ಕೆ ಅಂಟುತ್ತದೆ, ಕೆಲವಕ್ಕೆ ಅಂಟುವುದೇ ಇಲ್ಲ. ಎರಡರಲ್ಲೂ ಅರ್ಧಕ್ಕಿಂತ ಜಾಸ್ತಿ ಕಬ್ಬಿಣವೇ ಇದೆ. ನಿಕಲ್ ಹೆಚ್ಚು ಸೇರಿಸಿದ ಸ್ಟೀಲ್‌ನಲ್ಲಿ ಪರಮಾಣುಗಳು ಕೂತ ರೀತಿಯೇ ಬೇರೆ. ಕಬ್ಬಿಣವನ್ನು ಸುಮಾರು 770 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯಿಸಿದರೂ ಅಯಸ್ಕಾಂತ ಅದನ್ನು ಎಳೆಯುವುದಿಲ್ಲ. ಆ ಶಾಖದಲ್ಲಿ ಪುಟಾಣಿಗಳೆಲ್ಲ ಕುಣಿದಾಡಿ ದಿಕ್ಕು ತಪ್ಪುತ್ತವೆ. ಕುಲುಮೆಯಲ್ಲಿ ಕಬ್ಬಿಣ ಕಾಯಿಸುವವರಲ್ಲಿ ಕೆಲವರಿಗೆ ಇದು ಗೊತ್ತು. ಕಾದ ತುಂಡಿಗೆ ಅಯಸ್ಕಾಂತ ತೋರಿಸಿಯೇ ಹದ ನೋಡುತ್ತಾರೆ.

ಪ್ರಶ್ನೆ: ಮೊಳೆಗೆ ತಂತಿ ಸುತ್ತಿ ಸೆಲ್ಲಿಗೆ ಜೋಡಿಸಿದೆ. ನಾಲ್ಕೇ ಗುಂಡುಪಿನ್ ಎತ್ತಿತು. ಅದನ್ನೇ ಮನೆಯ ಪ್ಲಗ್ಗಿಗೆ ಹಾಕಿದರೆ ತುಂಬಾ ಎತ್ತಬಹುದಾ?
— 7ನೇ ತರಗತಿ ವಿದ್ಯಾರ್ಥಿ, ಮಸ್ಕಿ

ಉತ್ತರ: ಬೇಡ. ಯಾವತ್ತೂ ಬೇಡ. ಅಷ್ಟು ತಂತಿಯ ರೋಧ ಅರ್ಧ ಓಮ್ ಇದ್ದರೆ 230 ವೋಲ್ಟಿಗೆ 460 ಆಂಪಿಯರ್ ಆಗುತ್ತದೆ. ತಂತಿ ಆ ಕ್ಷಣವೇ ಸಿಡಿಯುತ್ತದೆ. ಕೈ ಸುಡಬಹುದು, ಮನೆಗೆ ಬೆಂಕಿ ಬೀಳಬಹುದು, ಪ್ರಾಣವೇ ಹೋಗಬಹುದು. ಈ ಅಂಕಣದಲ್ಲಿ ನಾನು ಹೇಳುವ ಪ್ರಯೋಗ ಎಲ್ಲವೂ ಟಾರ್ಚ್ ಸೆಲ್ಲಿನವು. ಪ್ಲಗ್ಗಿನವು ಒಂದೂ ಇಲ್ಲ.

ಜಾಸ್ತಿ ಪಿನ್ ಎತ್ತಬೇಕಾ? ಸುತ್ತು ಹೆಚ್ಚಿಸು. ಒಂದೇ ದಿಕ್ಕಿಗೆ, ಒತ್ತೊತ್ತಾಗಿ ಸುತ್ತು. ಎನಾಮಲ್ ತಂತಿಯಾದರೆ ಎರಡು ತುದಿಯ ಬಣ್ಣ ಕೆರೆದಿದ್ದೀಯಾ ನೋಡು. ಮಕ್ಕಳು ಮರೆಯುವುದು ಇದನ್ನೇ. ಮೊಳೆ ದಪ್ಪ ಇರಲಿ. ಸೆಲ್ಲನ್ನು ಒಂದೊಂದು ಸಲ ಕೆಲವೇ ಸೆಕೆಂಡ್ ಜೋಡಿಸು, ಇಲ್ಲದಿದ್ದರೆ ಬಿಸಿಯಾಗಿ ಬೇಗ ಖಾಲಿಯಾಗುತ್ತದೆ. ಎಷ್ಟು ಸುತ್ತಿಗೆ ಎಷ್ಟು ಪಿನ್ ಅಂತ ಬರೆದಿಟ್ಟು ನನಗೆ ಕಳಿಸು. ನಾನು ಕಾಯುತ್ತೇನೆ.

ಪ್ರಶ್ನೆ: ಶಕ್ತಿನಗರದಲ್ಲಿ ತಯಾರಾದ ಕರೆಂಟ್ ನಮ್ಮೂರಿಗೆ ಬರಲು ಎಷ್ಟು ಹೊತ್ತು ಬೇಕು? ಅಲ್ಲಿನ ಎಲೆಕ್ಟ್ರಾನ್‌ಗಳೇ ನಮ್ಮ ಬಲ್ಬಿಗೆ ಬರುತ್ತವಾ?
— 9ನೇ ತರಗತಿ ವಿದ್ಯಾರ್ಥಿನಿ, ಮಾನ್ವಿ

ಉತ್ತರ: ಎರಡನೇ ಪ್ರಶ್ನೆ ಮೊದಲು. ಬರುವುದಿಲ್ಲ. ಅಲ್ಲಿನ ಒಂದು ಎಲೆಕ್ಟ್ರಾನೂ ನಿಮ್ಮ ಮನೆ ಮುಟ್ಟುವುದಿಲ್ಲ.

ಶಕ್ತಿನಗರದಲ್ಲಿ ಕಲ್ಲಿದ್ದಲು ಉರಿಸಿ, ಕೃಷ್ಣಾ ನದಿಯ ನೀರಿನಿಂದ ಹಬೆ ಮಾಡಿ, ಆ ಹಬೆಯಿಂದ ಟರ್ಬೈನ್ ತಿರುಗಿಸುತ್ತಾರೆ. ಟರ್ಬೈನ್ ಜೊತೆ ಒಂದು ಭಾರಿ ವಿದ್ಯುತ್ಕಾಂತ ದಪ್ಪ ಕಾಯಿಲ್‌ಗಳ ನಡುವೆ ತಿರುಗುತ್ತದೆ. ಮೇಲೆ ಹೇಳಿದೆನಲ್ಲ ಫ್ಯಾರಡೆ ಕಂಡದ್ದು, ಅದೇ. ನಿಮಿಷಕ್ಕೆ 3000 ಸುತ್ತು, ಅಂದರೆ ಸೆಕೆಂಡಿಗೆ 50. ನಮ್ಮ ಮನೆಯ ಕರೆಂಟ್ 50 ಹರ್ಟ್ಜ್ ಇರುವುದು ಹೀಗೆ. ಕರೆಂಟಿನ ದಿಕ್ಕು ಸೆಕೆಂಡಿಗೆ 100 ಸಲ ಬದಲಾಗುವುದರಿಂದ ತಂತಿಯ ಎಲೆಕ್ಟ್ರಾನ್ ಇದ್ದಲ್ಲೇ ಚೂರು ಆ ಕಡೆ, ಚೂರು ಈ ಕಡೆ ಅಲುಗುತ್ತಿರುತ್ತದೆ. ಸೆಲ್ಲಿನ ಕರೆಂಟಿನಂತೆ ಒಂದೇ ಕಡೆ ಹರಿದರೂ ಅದರ ವೇಗ ಸೆಕೆಂಡಿಗೆ ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ. ಇರುವೆಗಿಂತ ನಿಧಾನ.

ಇನ್ನೂ ಒಂದು ಕಾರಣ ಇದೆ. ದಾರಿಯಲ್ಲಿ ಟ್ರಾನ್ಸ್‌ಫಾರ್ಮರ್‌ಗಳಿವೆ. ಅದರೊಳಗೆ ಒಂದು ಕಡೆಯ ಕಾಯಿಲ್ ಇನ್ನೊಂದನ್ನು ಮುಟ್ಟುವುದೇ ಇಲ್ಲ. ನಡುವೆ ದಾಟುವುದು ಕಾಂತಕ್ಷೇತ್ರ ಮಾತ್ರ. ನಿಮ್ಮ ಬೀದಿಯ ಟಿಸಿಯಲ್ಲಿ ಒಂದು ಕಡೆ 11,000 ವೋಲ್ಟ್, ಇನ್ನೊಂದು ಕಡೆ ಮನೆಗೆ ಬೇಕಾದ 230. ಎರಡಕ್ಕೂ ತಂತಿಯ ಸಂಬಂಧ ಇಲ್ಲ.

ಹಾಗಾದರೆ ಬರುವುದು ಏನು? ಶಕ್ತಿ. ಅದು ತಂತಿಯ ಗುಂಟ ಬೆಳಕಿನ ವೇಗಕ್ಕೆ ಹತ್ತಿರದಲ್ಲಿ ಓಡುತ್ತದೆ. ನೂರು ಕಿಲೋಮೀಟರ್‌ಗೆ ಬೆಳಕು ತೆಗೆದುಕೊಳ್ಳುವುದು ಸೆಕೆಂಡಿನ 3000ದಲ್ಲಿ ಒಂದು ಭಾಗ. ನಿನ್ನ ಮೊದಲ ಪ್ರಶ್ನೆಗೆ ಉತ್ತರ ಅದೇ.

ಪ್ರಶ್ನೆ: ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಗೆ ನೀರು ಹಾಕಿ ಅಂತ ವೈರಿಂಗ್ ಮಾಡಿದವರು ಹೇಳಿದ್ದಾರೆ. ಕರೆಂಟ್ ಇರುವಲ್ಲಿ ನೀರು ಹಾಕಬಾರದು ಅಂತ ಮನೆಯಲ್ಲಿ ಹೆದರುತ್ತಾರೆ. ಯಾವುದು ಸರಿ?
— ಗೃಹಿಣಿ, ಸಿರುಗುಪ್ಪ

ಉತ್ತರ: ವೈರಿಂಗ್‌ನವರು ಹೇಳಿದ್ದು ಸರಿ ಅಮ್ಮ, ನೀರು ಹಾಕಿ. ಫ್ರಿಜ್ಜೋ ಗ್ರೈಂಡರೋ ಒಳಗೆ ತಂತಿ ಸವೆದು ಹೊರಗಿನ ತಗಡಿಗೆ ತಾಗಿದರೆ ಕರೆಂಟಿಗೆ ನೆಲಕ್ಕೆ ಹೋಗಲು ಸುಲಭದ ದಾರಿ ಬೇಕು. ಅರ್ಥ್ ತಂತಿ ಆ ದಾರಿ. ಅದು ಸರಿಯಿದ್ದರೆ ತಕ್ಷಣ ದೊಡ್ಡ ಕರೆಂಟ್ ಹರಿದು ಫ್ಯೂಸ್ ಹೋಗುತ್ತದೆ. ಸರಿಯಿಲ್ಲದಿದ್ದರೆ ತಗಡು ಮುಟ್ಟಿದವರ ಮೈಯೇ ದಾರಿಯಾಗುತ್ತದೆ. ತ್ರೀಪಿನ್ ಪ್ಲಗ್ಗಿನಲ್ಲಿ ಅರ್ಥ್ ಪಿನ್ ಉದ್ದ ಇರುವುದು ಯಾಕೆ ಗೊತ್ತಾ? ಕರೆಂಟ್ ಸೇರುವ ಮೊದಲೇ ಅರ್ಥ್ ಸೇರಲಿ ಅಂತ.

ನಿಮ್ಮ ಸಿರುಗುಪ್ಪ ಕಡೆ ಎರೆ ಭೂಮಿ. ಹಸಿಯಿದ್ದಾಗ ಎರೆ ಮಣ್ಣಲ್ಲಿ ಕರೆಂಟ್ ಚೆನ್ನಾಗಿ ಹರಿಯುತ್ತದೆ. ಬೇಸಿಗೆಯಲ್ಲಿ ಒಣಗಿ ಬಿರುಕು ಬಿಟ್ಟರೆ ಪೈಪಿಗೂ ಮಣ್ಣಿಗೂ ನಡುವೆ ಸಂದು ಬೀಳುತ್ತದೆ. ಗುಂಡಿಗೆ ಇದ್ದಿಲು, ಉಪ್ಪು ಹಾಕುವುದು ತೇವ ಉಳಿಯಲಿ, ಕರೆಂಟ್ ಸಲೀಸಾಗಿ ಹರಿಯಲಿ ಅಂತ. ಚಪ್ಪಲಿ ಹಾಕಿಕೊಂಡು, ಪೈಪನ್ನು ಮುಟ್ಟದೆ, ಒಂದು ಕೊಡ ನೀರು ಹಾಕಿದರೆ ಆಯಿತು. ಸಾಧ್ಯವಾದರೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ ಸ್ವಿಚ್ಚು, ಕೂಡ ಹಾಕಿಸಿ. ಮನೆಯಲ್ಲಿ ಮಕ್ಕಳಿದ್ದರೆ ಅದಕ್ಕೆ ಖರ್ಚು ಮಾಡಲು ಹಿಂದೆಮುಂದೆ ನೋಡಬೇಡಿ.

ಪ್ರಶ್ನೆ: ನಮ್ಮ ಅಪ್ಪ ಕುರಿ ಕಾಯುತ್ತಾರೆ. ಮುಂಗಾರಿಗೆ ಮೊದಲು ಸಿಡಿಲಿನ ಭಯ ಜಾಸ್ತಿ. ಸಿಡಿಲು ಬಡಿದವರನ್ನು ಮುಟ್ಟಿದರೆ ಮುಟ್ಟಿದವರಿಗೂ ಶಾಕ್ ಹೊಡೆಯುತ್ತದೆ ಅಂತಾರೆ. ನಿಜವಾ?
— 9ನೇ ತರಗತಿ ವಿದ್ಯಾರ್ಥಿ, ಯಲಬುರ್ಗಾ ತಾಲ್ಲೂಕು

ಉತ್ತರ: ನಿಜ ಅಲ್ಲ ತಮ್ಮಾ. ಈ ಮಾತನ್ನು ನಿಮ್ಮ ಊರಲ್ಲಿ ಎಲ್ಲರಿಗೂ ಹೇಳು. ಸಿಡಿಲಿನ ಕರೆಂಟ್ ಒಂದು ಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ ನೆಲಕ್ಕೆ ಇಳಿದು ಮುಗಿದಿರುತ್ತದೆ. ಮೈಯಲ್ಲಿ ಏನೂ ಉಳಿದಿರುವುದಿಲ್ಲ. ಮುಟ್ಟಲು ಹೆದರಿ ದೂರ ನಿಂತರೆ ಉಳಿಯಬಹುದಾದ ಜೀವ ಹೋಗುತ್ತದೆ.

ಅಪ್ಪನಿಗೆ ಹೇಳಬೇಕಾದದ್ದು ಇದು. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಲಿ. ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್. ಮೂವತ್ತು ಎಣಿಸುವುದರೊಳಗೆ ಗುಡುಗು ಬಂದರೆ ಸಿಡಿಲು ಅವರವರೆಗೂ ತಲುಪಬಹುದು. ಒಂಟಿ ಬೇವಿನ ಮರದ ಕೆಳಗೆ ನಿಲ್ಲುವುದು ಬಯಲಿಗಿಂತಲೂ ಅಪಾಯ. ಪಕ್ಕಾ ಮನೆ, ಇಲ್ಲವೇ ಕಿಟಕಿ ಮುಚ್ಚಿದ ಬಸ್ಸು, ಕಾರು ಸಿಕ್ಕರೆ ಒಳಗೆ ಹೋಗಲಿ. ಹಿಂಡನ್ನೂ ಮರದ ಬುಡಕ್ಕೆ ಸೇರಿಸಬಾರದು. ಮರಕ್ಕೆ ಬಡಿದ ಕರೆಂಟ್ ನೆಲದಲ್ಲಿ ಹರಡುವಾಗ ಹತ್ತಿರದ ಜಾಗಕ್ಕೂ ದೂರದ ಜಾಗಕ್ಕೂ ವೋಲ್ಟೇಜ್ ಬೇರೆ ಬೇರೆ ಇರುತ್ತದೆ. ಕುರಿಯ ಮುಂಗಾಲಿಗೂ ಹಿಂಗಾಲಿಗೂ ಅಂತರ ಇರುವುದರಿಂದ ಕರೆಂಟ್ ಒಂದು ಕಾಲಿಂದ ಏರಿ ಎದೆ ದಾಟಿ ಇನ್ನೊಂದರಲ್ಲಿ ಇಳಿಯುತ್ತದೆ. ಒಂದೇ ಸಿಡಿಲಿಗೆ ಹಿಂಡಿಗೆ ಹಿಂಡೇ ಬೀಳುವುದು ಹೀಗೆ.

ಯಾರಿಗಾದರೂ ಬಡಿದರೆ ಸಗಣಿಯಲ್ಲಿ ಹೂಳುವುದು, ಮಣ್ಣು ಮೆತ್ತುವುದು ಬೇಡ. ಮೊದಲು 108ಕ್ಕೆ ಫೋನ್ ಮಾಡಿಸು. ಉಸಿರಿಲ್ಲದಿದ್ದರೆ ಅಂಗಾತ ಮಲಗಿಸಿ, ಎದೆಯ ನಡುವೆ ಎರಡೂ ಅಂಗೈ ಒಂದರ ಮೇಲೊಂದು ಇಟ್ಟು, ಐದು ಸೆಂಟಿಮೀಟರ್‌ನಷ್ಟು ಆಳಕ್ಕೆ ಒತ್ತಬೇಕು. ನಿಮಿಷಕ್ಕೆ 100ರಿಂದ 120 ಸಲ. ಆಂಬುಲೆನ್ಸ್ ಬರುವವರೆಗೂ ನಿಲ್ಲಿಸಬಾರದು. ಸುಸ್ತಾದರೆ ಪಕ್ಕದವರು ಮುಂದುವರಿಸಲಿ.